ಕೆಮ್ಮಿಗಿಂತ ಮೊದಲು

೧೪ ಜೂನ್

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಮುನಿಸಿಕೊಳ್ಳಬೇಡ. ನಮ್ಮ ಫೋನು ನಡುಮನೆಯಲ್ಲಿದೆ. ನಾನು ಒಂದು ಮಾತಾಡಿದರೆ ನಿನ್ನ ಭಾವ ಅದಕ್ಕೆ ಎರಡು ಸೇರಿಸುತ್ತಾರೆ, ಮರಿ ಬಂದು ವೈರು ಎಳೆಯುತ್ತಾಳೆ. ನಾಲ್ಕು ತುಂಬಿದರೂ ನನ್ನ ಮಗಳಿಗೆ ಅದೇ ಆಟ. ನಿನ್ನ ಜೊತೆ ಸಮಾಧಾನವಾಗಿ ಮಾತಾಡಬೇಕೆಂದರೆ ಕಾಗದವೇ ಗತಿ.

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಕ್ಷಯ ಎಂದು ಗೊತ್ತಾಗಿದೆ. ತಿಂಗಳುಗಟ್ಟಲೆ ಕೆಮ್ಮುತ್ತಿದ್ದರು. ಸೀಮೆಸುಣ್ಣದ ಪುಡಿ ಎಂದು ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ನಮ್ಮ ಟೀಚರುಗಳ ಕೋಣೆ ನಿನಗೆ ಗೊತ್ತಲ್ಲ, ಇರುವುದೊಂದು ಕಿಟಕಿ, ಅದಕ್ಕೂ ಬೀರು ಅಡ್ಡ. ಅಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಅವರ ಜೊತೆ ಊಟ ಮಾಡಿದವರು ನಾವು. ಈಗ ಅವರ ಕುರ್ಚಿಯನ್ನು ಯಾರೋ ಹೊರಗೆ ಬಿಸಿಲಿಗಿಟ್ಟಿದ್ದಾರೆ. "ಕುರ್ಚಿಗೂ ಜ್ವರ ಬಂದಿದ್ಯಾ?" ಎಂದು ಸಂಗೀತದ ಟೀಚರ್ ಕೇಳಿದಳು.

ನೀನು ಅಲ್ಲಿ ಪ್ರಯೋಗಾಲಯದಲ್ಲಿ ರಕ್ತ ಇಟ್ಟುಕೊಂಡು ಮಾಡುತ್ತಿರುವುದು ಇದೇ ಕಾಯಿಲೆಯ ಕೆಲಸವಲ್ಲವೇ? ಅಮ್ಮನನ್ನು ಕೊಂಡೊಯ್ದದ್ದೂ ಇದೇ. ನೀನಾಗ ಮರಿಯಷ್ಟೇ ಇದ್ದೆ. ನಾವು ಹೆದರಬೇಕೋ ಬೇಡವೋ, ಅಷ್ಟು ಬರೆ.

ನಿನ್ನ ಅಕ್ಕ

೨೨ ಜೂನ್

ಅಕ್ಕಾ,

ನಿನ್ನ ಕಾಗದವನ್ನು ನಮ್ಮ ಪ್ರೊಫೆಸರಿಗೆ ಓದಿ ಹೇಳಿದೆ. ಬೈಯಬೇಡ. ಅವರು ಕನ್ನಡಕ ತೆಗೆದು, "ನಿಮ್ಮಕ್ಕನ ಶಾಲೆಯವರು ರಕ್ತ ಕೊಡೋಕೆ ಒಪ್ತಾರಾ ಕೇಳಮ್ಮ" ಅಂದರು.

ಹೆದರುವ ಮೊದಲು ಇಷ್ಟು ತಿಳಿದುಕೊ. ಈ ರೋಗಾಣು ಒಳಗೆ ಹೋದ ಕೂಡಲೇ ಯಾರೂ ಕೆಮ್ಮುವುದಿಲ್ಲ. ಅದು ಮೂಲೆ ಹಿಡಿದು ಮಲಗುತ್ತದೆ. ಹೆಚ್ಚಿನವರಲ್ಲಿ ಅವರು ಮುದುಕರಾದರೂ ಏಳುವುದಿಲ್ಲ. ಕೆಲವರಲ್ಲಿ ಏಳುತ್ತದೆ. ಎಕ್ಸ್‌-ರೇ, ಕಫದ ಪರೀಕ್ಷೆ ಎಲ್ಲ ಅದು ಎದ್ದಮೇಲಿನ ಮಾತು. ಆದರೆ ರಕ್ತಕ್ಕೆ ಮೊದಲೇ ಗೊತ್ತಿರುತ್ತದೆ. ರೋಗಾಣುವಿನ ಒಂದು ಚೂರನ್ನು ರಕ್ತಕ್ಕೆ ಬೆರೆಸಿ ಬೆಚ್ಚಗಿಟ್ಟರೆ, ಅದನ್ನು ಹಿಂದೆ ಎದುರಿಸಿದ ಕಣಗಳು ಕೆರಳುತ್ತವೆ. ಎಷ್ಟು ಕೆರಳಿದವು ಎನ್ನುವುದನ್ನು ನಾವು ಬಣ್ಣದಲ್ಲಿ ನೋಡುತ್ತೇವೆ. ಕಡೆಯಲ್ಲಿ ನೀರು ಹಳದಿಯಾಗುತ್ತದೆ.

ಇಲ್ಲಿಯವರೆಗೆ ಬೇರೆ ಸಂಶೋಧಕರೂ ಬಂದಿದ್ದಾರೆ. ನಾವು ಹುಡುಕುತ್ತಿರುವುದು ಮುಂದಿನದು. ಅದೇ ಮನುಷ್ಯನ ರಕ್ತವನ್ನು ಮತ್ತೆ ಮತ್ತೆ ನೋಡಿದರೆ, ಹಳದಿ ಗಾಢವಾಗುತ್ತಾ ಹೋಗುವವರಲ್ಲೇ ರೋಗ ಏಳುತ್ತದೆಯೇ? ಹೌದಾದರೆ ಕೆಮ್ಮಿಗಿಂತ ಮೊದಲೇ ಹಿಡಿಯಬಹುದು. ಅಮ್ಮನನ್ನು ಹಾಗೆ ಹಿಡಿದಿದ್ದರೆ ಎಂದು ನಾನು ಯೋಚಿಸದ ದಿನವಿಲ್ಲ.

ನಮ್ಮ ತಂಡದ ಡಾಕ್ಟರು ಅಲ್ಲಿಗೇ ಬರುತ್ತಾರೆ. ನೀನು ಮೊದಲು ತೋಳು ಚಾಚಿದರೆ ಉಳಿದವರೂ ಚಾಚುತ್ತಾರೆ. ನಿನ್ನ ಮಾತು ಅಲ್ಲಿ ನಡೆಯುತ್ತದೆ.

ಪುಟ್ಟಿ

೧೯ ಜುಲೈ

ಪುಟ್ಟಿ,

ನೀನು ಹೇಳಿದ ಹಾಗೆ ಮೊದಲು ನಾನೇ ಕೂತೆ. ನಿಮ್ಮ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಸೂಜಿ ಹಿಡಿದು ನಗುತ್ತಾರೆ. ಅದೊಂದು ಬೇಡವಿತ್ತು. ಹೆಡ್‌ಮಿಸ್ ಬಾಗಿಲಲ್ಲೇ ನಿಂತು, "ನನಗೆ ಆಫೀಸಿನಲ್ಲಿ ಕೆಲಸ ಇದೆ, ಕಡೇಲಿ ಬರ್ತೀನಿ" ಎಂದವರು ಕಡೆಗೂ ಬರಲಿಲ್ಲ. ಮಕ್ಕಳನ್ನು ಬಿಸಿಲಲ್ಲಿ ಓಡಿಸುವ ನಮ್ಮ ಪಿ.ಟಿ. ಮೇಷ್ಟ್ರು ಸೂಜಿ ಕಂಡು ತಣ್ಣಗೆ ಜಾರಿ ನೆಲಕ್ಕೆ ಬಿದ್ದರು. ಸಂಗೀತದ ಟೀಚರ್ ಅವರಿಗೆ ಗಾಳಿ ಹಾಕುತ್ತಾ, "ಹುಲಿ ಥರ ಇದ್ರಲ್ಲ ಸಾರ್, ಹುಲ್ಲಾಗೋದ್ರಿ" ಅಂದಳು.

ಮರಿಗೆ ನನ್ನ ತೋಳಿನ ಬ್ಯಾಂಡೇಜು ಬೇಕಂತೆ. ತೆಗೆದು ಅವಳ ಗೊಂಬೆಗೆ ಅಂಟಿಸಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ತಿನ್ನು. ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ.

ಅಕ್ಕ

೧೧ ಆಗಸ್ಟ್

ಅಕ್ಕಾ,

ನಿಮ್ಮ ಶಾಲೆಯ ರಕ್ತ ಮಾತಾಡಿತು.

ಸೀಸೆಗಳ ಮೇಲೆ ನಂಬರು ಮಾತ್ರ ಇರುತ್ತದೆ. ಯಾರದ್ದು ಯಾವುದು ಎನ್ನುವುದು ಊರೂರಿಗೆ ಹೋಗುವ ಆ ಡಾಕ್ಟರಿಗಷ್ಟೇ ಗೊತ್ತು, ನಮಗೆ ಗೊತ್ತಾಗಬಾರದು. ಹೆಚ್ಚಿನವು ನೀರಿನ ಹಾಗೇ ಉಳಿದವು. ಎರಡು ಹಳದಿಯಾದವು. ಒಂದು ತಿಳಿ ಹಳದಿ. ಇನ್ನೊಂದು ಎಷ್ಟು ಚೆನ್ನಾಗಿ ಬಂತೆಂದರೆ, ಪರೀಕ್ಷೆಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲ್ಲರನ್ನೂ ಕರೆದು ತೋರಿಸಿದೆ. ಎರಡು ವರ್ಷ ಮಂಕು ಬಣ್ಣಗಳನ್ನೇ ನೋಡಿ ಕಣ್ಣು ಬತ್ತಿಹೋಗಿತ್ತು. ನನ್ನ ಟೀ ಲೋಟವನ್ನು ಪ್ರೊಫೆಸರೇ ತೊಳೆದಿಟ್ಟರು. ಅವರ ಲೆಕ್ಕದಲ್ಲಿ ಅದೇ ಶಹಬ್ಬಾಸ್‌ಗಿರಿ.

ನಿನ್ನದು ನೀರಿನ ಗುಂಪಿನಲ್ಲೇ ಇರುತ್ತದೆ ಎಂದು ಗೊತ್ತು. ಆದರೂ ಡಾಕ್ಟರು ಹೇಳಿದ ಮೇಲೆ ಒಂದು ಸಾಲು ಬರೆ.

ಪುಟ್ಟಿ

೩೦ ಆಗಸ್ಟ್

ಪುಟ್ಟಿ,

ನನ್ನದೇನೂ ಇಲ್ಲವಂತೆ. ಚಿಂತೆ ಬಿಡು.

ಹಳದಿಯಾದ ಒಬ್ಬರು ಸಂಗೀತದ ಟೀಚರ್. ಮುಚ್ಚಿಡುವ ಹೆಣ್ಣಲ್ಲ ಅವಳು, ತಾನೇ ಹೇಳಿಕೊಂಡಳು. ಇನ್ನೊಬ್ಬರು ಯಾರೋ, ಡಾಕ್ಟರು ಬಾಯಿ ಬಿಟ್ಟಿಲ್ಲ. ಸಂಗೀತದ ಟೀಚರಿನ ಎಕ್ಸ್‌-ರೇ ಚೊಕ್ಕವಾಗಿದೆ. ಆದರೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು ಅಂದಿದ್ದಾರೆ. ಹೇಳಿದ್ದಷ್ಟೇ ತಡ, ಹೆಡ್‌ಮಿಸ್ ಅವಳ ಸಂಗೀತದ ಪೀರಿಯಡ್ಡುಗಳನ್ನು ನಿಲ್ಲಿಸಿ ಲೈಬ್ರರಿಯಲ್ಲಿ ಕೂರಿಸಿದ್ದಾರೆ. "ಮಲಗಿರೋ ರೋಗಾಣು ಯಾರಿಗೂ ಅಂಟೋದಿಲ್ಲ ಅಂತ ಡಾಕ್ಟ್ರೇ ಹೇಳಿದಾರಲ್ಲ ಮೇಡಂ" ಎಂದು ನಾನು ಹೋಗಿ ಕೇಳಿದೆ. "ಅದು ಡಾಕ್ಟ್ರಿಗೆ ಗೊತ್ತು, ನಮಗೂ ಗೊತ್ತು. ಮಕ್ಕಳ ತಾಯಿ-ತಂದೆಗೆ ಗೊತ್ತಾ?" ಅಂದರು. ಈಗ ಅವಳ ಮಾತ್ರೆಯ ಡಬ್ಬಿ ಕಂಡರೆ ಜನ ದಾರಿ ಬಿಡುತ್ತಾರೆ.

ನನಗೊಂದು ಅನುಮಾನ. ಆ ಇನ್ನೊಬ್ಬರು ಯಾರೇ ಇರಲಿ, ಮಾತ್ರೆ ಬೇಡ ಅಂದರೆ ಏನಾಗುತ್ತದೆ? ಕೆಮ್ಮಿಲ್ಲ, ಜ್ವರವಿಲ್ಲ. "ತಗೊಂಡ್ರೆ ಒಳ್ಳೇದು, ಆದ್ರೆ ನಿಮ್ಮಿಷ್ಟ" ಎಂದು ಡಾಕ್ಟರು ಹೇಳುತ್ತಾರಂತೆ. ಬೇಡ ಅಂದರೆ ನಿಮ್ಮ ಕೆಲಸಕ್ಕೆ ತೊಂದರೆಯೇ?

ಅಕ್ಕ

೯ ಸೆಪ್ಟೆಂಬರ್

ಅಕ್ಕಾ,

ನಿನ್ನದು ಏನೂ ಇಲ್ಲ ಎಂದು ಓದಿ ಉಸಿರು ಬಂತು. ಗೊತ್ತಿದ್ದರೂ ಒಳಗೆಲ್ಲೋ ಒಂದು ಮುಳ್ಳಿತ್ತು.

ತೊಂದರೆ ಏನು, ಅದಕ್ಕೆ ಉಲ್ಟಾ. ನಿನ್ನ ಹತ್ತಿರವಲ್ಲದೆ ಇದನ್ನು ಯಾರಿಗೂ ಬರೆಯಲಾರೆ. ಮಾತ್ರೆ ತೆಗೆದುಕೊಂಡವರಿಂದ ನಮಗೆ ಏನೂ ತಿಳಿಯುವುದಿಲ್ಲ. ಅವರಿಗೆ ಕಾಯಿಲೆ ಬರಲಿಲ್ಲ ಎಂದಿಟ್ಟುಕೊ. ಅದು ಮಾತ್ರೆಯ ಪುಣ್ಯವೋ, ಬರುವುದೇ ಇರಲಿಲ್ಲವೋ? ಬೇಡ ಅಂದವರೇ ನಮಗೆ ದಾರಿ ತೋರಿಸುವವರು. ಅವರನ್ನು ನಾವು ಸುಮ್ಮನೆ ಬಿಡುವುದಿಲ್ಲ, ಆಗಾಗ ರಕ್ತ ನೋಡುತ್ತೇವೆ, ಎಕ್ಸ್‌-ರೇ ತೆಗೆಯುತ್ತೇವೆ. ಮತ್ತೆ, ಹತ್ತು ಮಂದಿ ಹೀಗೆ ಹಳದಿಯಾದರೆ ಹೆಚ್ಚೆಂದರೆ ಒಬ್ಬರಿಗೆ ಕಾಯಿಲೆ ಬರಬಹುದು. ಹಾಗಾಗಿ ಆ ಇನ್ನೊಬ್ಬರು ಬೇಡ ಅಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಈ ವರ್ಷ ಏನಾದರೂ ಕಾಣದಿದ್ದರೆ ಪ್ರಯೋಗಾಲಯ ಮುಚ್ಚುತ್ತಾರೆ ಎಂಬ ಸುದ್ದಿ ಇದೆ. ಆ ಚಿಂತೆಯಲ್ಲಿ ಪ್ರೊಫೆಸರು ನಡೆಯುವಾಗ ಗೋಡೆ ಹಿಡಿಯುತ್ತಾರೆ. ನನ್ನ ಓದು ಅರ್ಧಕ್ಕೆ ನಿಂತರೆ ಯಾವ ಮುಖ ಹೊತ್ತು ನಿನ್ನ ಮನೆಗೆ ಬರಲಿ? ನಿನಗೆ ಎಲ್ಲವನ್ನೂ ಹೇಳಿ ಹೊರೆ ಇಳಿಸಿಕೊಳ್ಳುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಪುಟ್ಟಿ

೨ ನವೆಂಬರ್

ಪುಟ್ಟಿ,

ತಡವಾಯಿತು. ಪರೀಕ್ಷೆ, ಅಂಕಪಟ್ಟಿ, ಶಾಲೆಗೆ ಬಣ್ಣ ಬಳಿಯುವ ಗಲಾಟೆ. ನಿಮ್ಮ ಡಾಕ್ಟರು ಇನ್ನೊಮ್ಮೆ ಬಂದು ಎಲ್ಲರ ರಕ್ತ ತೆಗೆದುಕೊಂಡು ಹೋದರು. ಹೆದರಿಕೆ ಹೋಗಿದೆ, ಪಿ.ಟಿ. ಮೇಷ್ಟ್ರು ಈ ಸಲ ಬೀಳಲಿಲ್ಲ.

ಚಿಕ್ಕ ಮಕ್ಕಳಿಗೆ ಕುಣಿತದ ಹಾಡು ಈಗ ಕೂತೇ ಹೇಳಿಕೊಡುತ್ತೇನೆ. ಮಧ್ಯಾಹ್ನ ದಾಟಿದರೆ ಕಾಲು ಸೋಲುತ್ತದೆ. ವಯಸ್ಸು ಅನ್ನು. ಬಟ್ಟೆಯೆಲ್ಲ ಸಡಿಲ. "ಇನ್ನು ಸ್ವಲ್ಪ ತೆಳ್ಳಗಾದ್ರೆ ನಿನ್ನ ಮಡಚಿ ಬೀರುವಿನಲ್ಲಿಡಬಹುದು" ಎನ್ನುತ್ತಾರೆ ನಿನ್ನ ಭಾವ. ಮರಿ ಚೆನ್ನಾಗಿದ್ದಾಳೆ. ನನ್ನ ಕುತ್ತಿಗೆ ತಬ್ಬಿಕೊಳ್ಳದೆ ಅವಳಿಗೆ ನಿದ್ದೆ ಬರುವುದಿಲ್ಲ.

ನಿನ್ನ ಕೆಲಸ ಹೇಗಿದೆ? ಬಣ್ಣ ಬರುತ್ತಿದೆಯೇ?

ಅಕ್ಕ

೫ ಡಿಸೆಂಬರ್

ಅಕ್ಕಾ,

ಬಂತು. ಅವತ್ತು ಕಿಟಕಿಗೆ ಹಿಡಿದು ತೋರಿಸಿದೆನಲ್ಲ, ಆ ನಂಬರಿನವರು ಮಾತ್ರೆ ಬೇಡ ಅಂದರಂತೆ. ಅವರ ರಕ್ತ ಈ ಸಲ ಮೊದಲಿಗಿಂತ ಗಾಢ. ಅನುಮಾನವೇ ಬೇಡ ಎನ್ನುವಷ್ಟು. ನಾವು ಊಹಿಸಿದ ಗೆರೆಯಲ್ಲೇ ಏರುತ್ತಿದೆ. ಪ್ರೊಫೆಸರು ನನ್ನ ಕೈ ಕುಲುಕಿದರು. ಪ್ರಯೋಗಾಲಯ ಇನ್ನೊಂದಷ್ಟು ಕಾಲ ಉಳಿಯುತ್ತದೆ.

ಒಂದು ವಿಷಯ ಮಾತ್ರ ಕೊರೆಯುತ್ತಿದೆ. "ಸಾರ್, ಏರ್ತಾ ಇದೆ ಅಂತ ಆ ಟೀಚರಿಗೆ ಹೇಳಿಸೋಣ್ವಾ?" ಎಂದು ಕೇಳಿದೆ. "ಏರಿದ್ರೆ ಕಾಯಿಲೆ ಬರುತ್ತೆ ಅಂತ ನಮಗೇ ಇನ್ನೂ ಗೊತ್ತಿಲ್ಲವಲ್ಲಮ್ಮ. ಗೊತ್ತಿಲ್ಲದ್ದನ್ನ ಹೇಳಿ ಒಬ್ಬರ ನಿದ್ದೆ ಕೆಡಿಸೋದಾ? ಇನ್ನೊಂದು ಸಲ ನೋಡೋಣ, ಎಕ್ಸ್‌-ರೇ ಹೇಗೂ ಇದೆ" ಅಂದರು. ತಪ್ಪು ಮಾತೇನಲ್ಲ. ನಾನೂ ತಲೆಯಾಡಿಸಿದೆ.

ಯಾರೋ ಏನೋ, ಆ ಪುಣ್ಯಾತ್ಮರು ಎದುರಿಗೆ ಸಿಕ್ಕರೆ ನನ್ನ ಪರವಾಗಿ ಒಂದು ನಮಸ್ಕಾರ ಹಾಕು. ಮತ್ತೆ, ತೆಳ್ಳಗಾಗಿದ್ದೀಯಂತೆ, ನಿನ್ನ ಭಾಗ್ಯ. ನಾನು ಕ್ಯಾಂಟೀನಿನ ಊಟ ತಿಂದು ಪೂರಿಯ ಹಾಗೆ ಉಬ್ಬಿದ್ದೇನೆ.

ಪುಟ್ಟಿ

೧೮ ಜನವರಿ

ಅಕ್ಕಾ,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತು ನೋಡು. ಫೋನು ಮಾಡಿದರೆ ಭಾವ, "ಅವಳು ಮಲಗಿದಾಳೆ" ಎನ್ನುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಲಗುವವಳಲ್ಲ ನೀನು.

ಮರಿಯ ಹುಟ್ಟಿದ ದಿನಕ್ಕೆ ಬರಲಿಲ್ಲ ಎಂದು ಕೋಪವೇ? ನನ್ನ ಕೆಲಸದ ಸುದ್ದಿಯನ್ನೇ ಊದಿ ಊದಿ ನಿನಗೆ ಬೇಜಾರಾಯಿತೇ? ಬೈದು ಬರೆ. ಆದರೆ ಬರೆ.

ಪುಟ್ಟಿ

೩ ಫೆಬ್ರವರಿ

ಅಕ್ಕಾ,

ನಿನ್ನೆ ಭಾವ ಫೋನು ಮಾಡಿದರು. ಕೆಮ್ಮಿನಲ್ಲಿ ರಕ್ತ ಬಂತಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ. ನಾನು ಇನ್ನೂ ಅಷ್ಟನ್ನೇ ಅರಗಿಸಿಕೊಳ್ಳುತ್ತಿದ್ದೆ. ಆಗ ಅವರು, "ಆಗಸ್ಟಿನಲ್ಲೇ ಅವಳಿಗೆ ಗೊತ್ತಿತ್ತಂತೆ ಪುಟ್ಟಿ. ನನಗೆ ಹೇಳಿಲ್ಲ. ನಿನಗೂ ಹೇಳಿಲ್ವಾ?" ಅಂದರು.

ಫೋನಿಟ್ಟು ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ.

ನಿನ್ನ ರಕ್ತವನ್ನು ಕಿಟಕಿಗೆ ಹಿಡಿದು ಚೆನ್ನಾಗಿದೆ ಅಂದವಳು ನಾನು. ಬೇಡ ಅಂದವರೇ ದಾರಿ ತೋರಿಸುವವರು ಎಂದು ನಿನಗೆ ಬರೆದುಕೊಟ್ಟವಳು ನಾನು. ನಮಸ್ಕಾರ ಹೇಳಿಸಿದ್ದು ನಿನಗೇ. ಕಾಲು ಸೋಲುತ್ತದೆ, ಬಟ್ಟೆ ಸಡಿಲ ಎಂದು ನೀನು ಬರೆದಾಗ, ಇದೇ ಕಾಯಿಲೆಯನ್ನು ಇಷ್ಟು ವರ್ಷ ಓದಿದ ನಾನು ಪೂರಿಯ ಮಾತಾಡಿದೆ.

ನನಗಾಗಿ ಮಾಡಿದೆಯಾ ಅಕ್ಕಾ? ಹೌದು ಎಂದರೆ ನಾನು ಏನು ಮಾಡಬೇಕೋ ಗೊತ್ತಿಲ್ಲ. ಶನಿವಾರದ ಬಸ್ಸಿಗೆ ಹೊರಡುತ್ತೇನೆ.

ಪುಟ್ಟಿ

೨೦ ಫೆಬ್ರವರಿ

ಪುಟ್ಟಿ,

ನೀನು ಬಂದಾಗ ಗಾಜಿನ ಆಚೆ ನಿಂತು ಅತ್ತೆಯೇ ಹೊರತು ಮಾತಾಡಲಿಲ್ಲ. ನನಗೂ ಉಸಿರಿರಲಿಲ್ಲ. ಈಗ ಜ್ವರ ಇಳಿದಿದೆ, ದಿಂಬಿಗೊರಗಿ ಬರೆಯುತ್ತಿದ್ದೇನೆ. ಇದು ಮುಂಚೆಯೇ ಹಿಡಿದ ಕೇಸು, ಗುಣವಾಗುತ್ತದೆ ಎಂದಿದ್ದಾರೆ. ಮುಂಚೆಯೇ ಹಿಡಿದದ್ದು ಎಂದು ಕೇಳಿದಾಗ ನಗು ಬಂತು. ನಕ್ಕರೆ ಕೆಮ್ಮು ಬರುತ್ತದೆ.

ನಿನಗಾಗಿ ಅಲ್ಲ. ನಿನ್ನ ತಲೆಯ ಮೇಲೆ ಅಷ್ಟು ದೊಡ್ಡ ಕಿರೀಟ ಇಟ್ಟುಕೊಳ್ಳಬೇಡ. ಸಂಗೀತದ ಟೀಚರಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದೆ. ಮಕ್ಕಳಿಲ್ಲದ ಕೋಣೆಯಲ್ಲಿ ಪುಸ್ತಕಗಳ ದೂಳು ಒರೆಸುತ್ತಾ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹತ್ತರಲ್ಲಿ ಒಬ್ಬರಿಗೆ ಎಂದು ನೀನೇ ಬರೆದಿದ್ದೆ. ಆ ಒಬ್ಬಳು ನಾನೇ ಆಗುತ್ತೇನೆ ಎಂದು ಯಾರು ಅಂದುಕೊಳ್ಳುತ್ತಾರೆ? ಡಾಕ್ಟರು ಎಕ್ಸ್‌-ರೇಗೆ ಕರೆದರೂ ಮುಂದೂಡಿದೆ. ಕೆಮ್ಮು ಶುರುವಾದಾಗಲೂ ಶಾಲೆಗೆ ಬಳಿದ ಬಣ್ಣದ ವಾಸನೆ ಅಂದುಕೊಂಡೆ. ಡ್ರಾಯಿಂಗ್ ಮೇಷ್ಟ್ರ ಸೀಮೆಸುಣ್ಣದ ಹಾಗೆ.

ನನ್ನ ಭಯ ಈಗ ಒಂದೇ. ಮರಿಯ ರಕ್ತ ತೆಗೆದಿದ್ದಾರೆ. ನಿಮ್ಮಲ್ಲಿಗೇ ಬರುತ್ತದಂತೆ. ಕೆಮ್ಮು ಶುರುವಾದ ಮೇಲೂ ಮೂರು ತಿಂಗಳು ಅವಳು ನನ್ನ ಕುತ್ತಿಗೆ ತಬ್ಬಿಕೊಂಡು ಮಲಗಿದ್ದಾಳೆ ಪುಟ್ಟಿ. ಉಳಿದದ್ದನ್ನೆಲ್ಲ ನಾನು ಹೊತ್ತುಕೊಳ್ಳುತ್ತೇನೆ.

ಅಕ್ಕ

೬ ಮಾರ್ಚ್

ಅಕ್ಕಾ,

ಮರಿಯ ನಂಬರು ಯಾವುದೆಂದು ಡಾಕ್ಟರಿಂದ ಕೇಳಿ ತಿಳಿದುಕೊಂಡೆ. ನಿಯಮ ಮುರಿದೆ, ಮುರಿದದ್ದನ್ನು ಪ್ರೊಫೆಸರಿಗೂ ಹೇಳಿದೆ. ಅವರು ತಲೆ ತಗ್ಗಿಸಿ, "ಕೂತ್ಕೊ" ಅಂದರು ಅಷ್ಟೇ. ಕೊನೆಯ ಹನಿಯನ್ನು ನಾನು ಹಾಕಲಾರದೆ ಜೊತೆಯವಳಿಗೆ ಬಿಟ್ಟೆ.

ಹಳದಿಯೂ ಅಲ್ಲ, ನೀರೂ ಅಲ್ಲ. ಮತ್ತೆ ಮಾಡಿದೆವು, ಹಾಗೇ ಬಂತು. ಇಷ್ಟು ಚಿಕ್ಕ ಮಕ್ಕಳಲ್ಲಿ ನಮ್ಮ ಪರೀಕ್ಷೆ ಒಮ್ಮೊಮ್ಮೆ ಬಾಯಿ ಬಿಡುವುದಿಲ್ಲ. ಹೌದು ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ. ನಿನ್ನ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿ ಕೂಗಿದ ಪರೀಕ್ಷೆ ಇದು.

ಉತ್ತರಕ್ಕೆ ಕಾಯಬೇಡ. ಅವಳ ಎದೆ ಚೊಕ್ಕವಾಗಿದೆ ಎಂದು ಎಕ್ಸ್‌-ರೇ ನೋಡಿ ಹೇಳಿದ್ದಾರೆ. ಡಾಕ್ಟರು ಕೊಟ್ಟ ಮಾತ್ರೆಯನ್ನು ಇವತ್ತಿನಿಂದಲೇ ಶುರು ಮಾಡಿಸು. ಬೇಕಿತ್ತೋ ಇಲ್ಲವೋ ಎನ್ನುವುದು ನಮಗೆ ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗದೇ ಇರಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೇನೆ.

ಪುಟ್ಟಿ

೨೭ ಜೂನ್

ಅಕ್ಕಾ,

ಮರಿ ಮಾತ್ರೆಯನ್ನು ಜೇನಿನಲ್ಲಿ ಕಲಸಿದರೂ ಉಗಿಯುತ್ತಾಳೆ, ಭಾವ ಎದುರು ಕೂತು ತಾವೂ ಒಂದು ಚಮಚ ನೆಕ್ಕಿ ತೋರಿಸುತ್ತಾರೆ ಎಂದು ಓದಿ ನಕ್ಕೆ. ನಗದೆ ಬಹಳ ದಿನವಾಗಿತ್ತು.

ಕಳೆದ ವಾರ ದೊಡ್ಡ ಸಭೆಯಲ್ಲಿ ನಮ್ಮ ಫಲಿತಾಂಶ ಹೇಳಿದೆ. ಬೇರೆ ಊರುಗಳಿಂದಲೂ ರಕ್ತ ಬಂದಿತ್ತು, ಅಲ್ಲೂ ಕೆಲವರಲ್ಲಿ ಗೆರೆ ಏರಿತ್ತು. ಆದರೆ ಎಲ್ಲರೂ ನೋಡಿದ್ದು ನಿನ್ನದನ್ನೇ. ಕೆಮ್ಮು ಬರುವ ಎಷ್ಟೋ ಮೊದಲೇ ಏರಿದ ಗೆರೆ. ಪರದೆಯ ಮೇಲೆ ಅದು ನನಗಿಂತ ಎತ್ತರವಿತ್ತು. ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ವಯಸ್ಸಾದ ಒಬ್ಬರು ಡಾಕ್ಟರಮ್ಮ ಎದ್ದು, "ಏರೋದು ನಿಮಗೆ ಕಾಣ್ತಾ ಇತ್ತಲ್ಲ, ಆಕೆಗೆ ಯಾರಾದ್ರೂ ಹೇಳಿದ್ರಾ?" ಎಂದು ಕೇಳಿದರು.

"ಆಕೆ ಮಾತ್ರೆ ಬೇಡ ಅಂದಿದ್ರು" ಅಂದೆ. ಅವರು ಕೂತರು. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ವೇದಿಕೆಯಿಂದ ಇಳಿದು ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದೆ.

ಇನ್ನು ಮುಂದೆ ಗೆರೆ ಏರಿದರೆ ಅವರಿಗೆ ಹೇಳಲೇಬೇಕು ಎಂದು ಪ್ರೊಫೆಸರ ಹತ್ತಿರ ಹಟ ಹಿಡಿದೆ. ಒಪ್ಪಿದ್ದಾರೆ. ಹಳದಿಯಾದವರ ಕೈಗೆ ಕೊಡಲು ಒಂದು ಹೊಸ ಹಾಳೆಯನ್ನೂ ಬರೆದಿದ್ದೇನೆ. ಜೊತೆಗಿಟ್ಟಿದ್ದೇನೆ. ಓದಿದವರಿಗೆ ಅರ್ಥವಾಗುತ್ತದೆಯೋ ನೋಡು. ತಪ್ಪಿದ್ದರೆ ಗೀಟು ಹಾಕು.

ಪುಟ್ಟಿ

೧೦ ಸೆಪ್ಟೆಂಬರ್

ಪುಟ್ಟಿ,

ನನ್ನ ಮಾತ್ರೆ ಮುಗಿಯಿತು. ಕಫ ಶುದ್ಧವಾಗಿದೆ. ಎದೆಯಲ್ಲಿ ಒಂದು ಕಲೆ ಉಳಿಯುತ್ತದಂತೆ, ಮೆಟ್ಟಿಲು ಹತ್ತಿದರೆ ಅದು ತಾನಿದ್ದೇನೆ ಎಂದು ಹೇಳುತ್ತದೆ. ಮರಿ ಚೆನ್ನಾಗಿದ್ದಾಳೆ. ಅವಳದೂ ಮುಗಿಯಿತು.

ಶಾಲೆಗೆ ಹೋಗುತ್ತಿದ್ದೇನೆ. ಚಿಕ್ಕ ಮಕ್ಕಳನ್ನು ಕೊಟ್ಟಿಲ್ಲ. "ಇನ್ನೊಂದು ವರ್ಷ ಕಳೀಲಿ, ನಿಮ್ಮ ಒಳ್ಳೇದಕ್ಕೇ" ಅಂದರು ಹೆಡ್‌ಮಿಸ್. ಅವರಿಗೂ ಕಣ್ಣು ಎತ್ತಲಾಗಲಿಲ್ಲ. ಈಗ ಲೈಬ್ರರಿಯಲ್ಲಿ ನಾನು, ಸಂಗೀತದ ಟೀಚರ್ ಇಬ್ಬರೂ. ಅವಳಿಗೆ ಏನೂ ಬರಲಿಲ್ಲ. "ನಾನು ಸುಮ್ಮನೆ ನುಂಗಿದ್ನೋ, ನುಂಗಿದ್ದಕ್ಕೇ ಉಳಿದ್ನೋ, ನಿಮ್ಮ ತಂಗಿನ ಕೇಳಿ" ಎನ್ನುತ್ತಾಳೆ. ಅದನ್ನು ಹೇಳಲು ನಿನ್ನಿಂದಲೂ ಆಗದು ಎಂದಿದ್ದೇನೆ.

ನಿನ್ನ ಹಾಳೆಯನ್ನು ಎರಡು ತಿಂಗಳು ಇಟ್ಟುಕೊಂಡಿದ್ದೆ. ಕಾಗುಣಿತ ಸರಿಯಾಗಿದೆ. ಒಂದೇ ಕಡೆ ಗೀಟು ಹಾಕಿದ್ದೇನೆ. "ಮಾತ್ರೆ ತೆಗೆದುಕೊಳ್ಳುವುದೂ ಬಿಡುವುದೂ ನಿಮ್ಮ ಇಷ್ಟ" ಎಂದು ಬರೆದಿದ್ದೀಯ. ಕಾನೂನಿಗೆ ಆ ಮಾತು ಬೇಕಿರಬಹುದು, ಇರಲಿ. ಆದರೆ ಅದಕ್ಕಿಂತ ಮೊದಲು, "ನಮ್ಮ ಮನೆಯವರಾಗಿದ್ದರೆ ತೆಗೆದುಕೊಳ್ಳಿ ಎನ್ನುತ್ತಿದ್ದೆವು" ಎಂದು ಸೇರಿಸು. ದಪ್ಪ ಅಕ್ಷರದಲ್ಲಿ ಸೇರಿಸು.

ಯಾಕೆಂದರೆ ನಿಮ್ಮಿಷ್ಟ ಎಂದು ಬಿಟ್ಟರೆ ನನ್ನಂಥವರು ಎದುರಿಗಿರುವವರ ಮುಖ ನೋಡುತ್ತೇವೆ. ಅವರಿಗೆ ಯಾವುದು ಬೇಕೋ ಅದನ್ನೇ ನಮ್ಮ ಇಷ್ಟ ಎಂದು ಹೇಳಿಬಿಡುತ್ತೇವೆ. ಅಂಥವರು ನಿನಗೆ ಇನ್ನೂ ಬಹಳ ಮಂದಿ ಸಿಗುತ್ತಾರೆ.

ನಿನ್ನ ಅಕ್ಕ